ಅಂಗೈಯ ಮೇಲಣ ಸರಸ್ವತಿ

ಹಿರಿಯರು ತಮ್ಮ ಬಾಲ್ಯದ ಶಾಲೆಯ ಮಾತನ್ನೆತ್ತಿದಾಗ ಮೊದಲು ನೆನಪಿಗೆ ಬರುವುದು ಪಾಠವಲ್ಲ, ಪೆಟ್ಟು. ಕೋದಂಡ, ಬಸ್ಕಿ, ಕಿವಿ ಹಿಂಡುವಿಕೆ, ಬೆರಳ ಗಿಣ್ಣಿನ ಮೇಲೆ ಬೀಳುತ್ತಿದ್ದ ಬೆತ್ತದ ಏಟು—ಇವನ್ನೆಲ್ಲ ನಗುನಗುತ್ತಲೇ ವರ್ಣಿಸುತ್ತಾರೆ. ಈ ದಂಡನೆಯನ್ನು ನಮ್ಮಲ್ಲಿಗೆ ತಂದವರು ಆಂಗ್ಲರೆಂದು ಹೇಳುವವರೂ ಉಂಟು. ವಿಚಾರಿಸಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಇದಕ್ಕೆ ನಮ್ಮ ಸೀಮೆಯದೇ ಒಂದು ದಾಖಲೆಯಿದೆ. 1822ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ಪ್ರಾಂತದ ಶಾಲೆಗಳ ವಿವರವನ್ನು ಕಲೆಕ್ಟರುಗಳಿಂದ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದನು. ಅನಂತಪುರ ಪ್ರತ್ಯೇಕ ಜಿಲ್ಲೆಯಾದುದು 1882ರಲ್ಲಿ; ಅಲ್ಲಿಯವರೆಗೆ ಹಿಂದೂಪುರ, ಲೇಪಾಕ್ಷಿಗಳ ಸೀಮೆ ಬಳ್ಳಾರಿಗೇ ಸೇರಿತ್ತು. ಆ ವಿಶಾಲ ಜಿಲ್ಲೆಯಲ್ಲಿ ಅವನು ಎಣಿಸಿದ ಶಾಲೆಗಳು 533. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಇಂಗ್ಲಿಷ್ ಕಲಿಸುತ್ತಿದ್ದುದು ಒಂದೇ ಒಂದು. ಆದುದರಿಂದ ಅವನು ವರ್ಣಿಸಿರುವ ಶಿಕ್ಷೆಗಳು ನಮ್ಮ ಕೂಲಿಮಠಗಳವೇ ಹೊರತು ಪರದೇಶದವಲ್ಲ.

ಬೆಳಗಿನ ಆರು ಗಂಟೆಗೆ ಮಕ್ಕಳು ಶಾಲೆಯಲ್ಲಿರಬೇಕು. ಎಲ್ಲರಿಗಿಂತ ಮೊದಲು ಬಂದ ಬಾಲಕನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಅಲ್ಲಿಂದ ಮುಂದೆ ಬಂದ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚು. ಸೋಮಾರಿಯಾದವನಿಗೆ ಹೊಡೆತ ಬೀಳುತ್ತಿತ್ತು; ಅನೇಕ ವೇಳೆ ಎರಡು ಕೈಗಳನ್ನೂ ಕಟ್ಟಿ ರಾಟೆಯಿಂದ ಸೂರಿಗೆ ಎಳೆದು ತೂಗುಹಾಕುತ್ತಿದ್ದರು. ಇದೇ ನಮ್ಮ ಅಜ್ಜಂದಿರು ಹೇಳುತ್ತಿದ್ದ ಕೋದಂಡ. ಇಲ್ಲವೇ ಎಡೆಬಿಡದೆ ಮೊಣಕಾಲೂರಿ ಏಳಿಸುತ್ತಿದ್ದರು. ಈ ಕೊನೆಯದು ಬಹು ನೋವಿನದಾದರೂ ಬಹುಶಃ ದೇಹಕ್ಕೆ ಒಳ್ಳೆಯದೆಂದು ಕಲೆಕ್ಟರನ ಅಭಿಪ್ರಾಯ! ಬಸ್ಕಿ ಹೊಡೆಯುವ ಸರದಿ ಅವನದಾಗಿರಲಿಲ್ಲವಷ್ಟೆ.

ಅಂಗೈಯ ಮೇಲೆ ದೇವಿಯ ಹೆಸರನ್ನು ಬರೆಯುವುದು ಸೊಗಸಾದ ಪದ್ಧತಿ. ಆದರೆ ಆ ಸಾಲಿನ ತುದಿಯಲ್ಲಿ ನಿಂತವನು ಯಾರಿದ್ದಿರಬಹುದು? ಶಾಲೆಯ ಪಕ್ಕದ ಮನೆಯವನಂತೂ ಅಲ್ಲ. ನಮ್ಮ ಸುತ್ತಿನಲ್ಲಿ ಕಡಲೆಕಾಯಿ ಕೀಳುವ ಕಾಲದಲ್ಲಿ ಯಾವ ಮಕ್ಕಳು ತಡವಾಗಿ ಬರುತ್ತಾರೆ, ಏಕೆ ಬರುತ್ತಾರೆ ಎಂಬುದನ್ನು ತಂದೆತಾಯಿಗಳು ನಮಗಿಂತ ಚೆನ್ನಾಗಿ ಬಲ್ಲರು. ದೂರದ ಹಳ್ಳಿ, ಮನೆಯ ಕೆಲಸ, ಎತ್ತಿಕೊಳ್ಳಬೇಕಾದ ತಮ್ಮ ತಂಗಿ—ಇವು ಹುಡುಗನ ತಪ್ಪುಗಳಲ್ಲ. ಹೆಚ್ಚು ಏಟು ಬೀಳುತ್ತಿದ್ದುದು ಮಾತ್ರ ಅವನ ಕೈಗೇ.

ಕ್ಯಾಂಪ್‌ಬೆಲ್‌ಗೆ ನಮ್ಮ ಶಿಕ್ಷೆಗಳು ಕಠಿನವೆಂದು ತೋರಿದವು. ಆದರೆ ಅವನ ನಾಡಿನ ಶಾಲೆಗಳೂ ಹಿಂದೆ ಬಿದ್ದಿರಲಿಲ್ಲ. ಲಂಡನ್ನಿನಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದ ಜೋಸೆಫ್ ಲ್ಯಾಂಕಾಸ್ಟರನು ಬೆತ್ತ ಬೇಡವೆಂದನು. ಬದಲಾಗಿ ತಪ್ಪು ಮಾಡಿದವನನ್ನು ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ಏರಿಸುತ್ತಿದ್ದನು. ಸ್ಕಾಟ್ಲೆಂಡಿನಲ್ಲಿ ತುದಿ ಸೀಳಿದ ದಪ್ಪ ಚರ್ಮದ ಪಟ್ಟಿಯಿಂದ ಅಂಗೈಗೆ ಹೊಡೆಯುವುದು ರೂಢಿ. ಪ್ರಸಿದ್ಧ ಲೇಖಕ ಜಾರ್ಜ್ ಆರ್ವೆಲ್ ಎಂಟರ ವಯಸ್ಸಿನಲ್ಲಿ ವಸತಿಶಾಲೆಗೆ ಸೇರಿ, ರಾತ್ರಿ ಹಾಸಿಗೆಯಲ್ಲಿ ಮೂತ್ರಮಾಡಿದುದಕ್ಕಾಗಿ ಏಟು ತಿಂದುದನ್ನು ಮುಂದೆ ಬರೆದಿಟ್ಟನು. ತನ್ನ ವಶದಲ್ಲಿಲ್ಲದ ವಿಷಯಕ್ಕೆ ಪೆಟ್ಟು ತಿಂದವನು ಅವನೂ ಹೌದು. ಆ ಪ್ರಬಂಧ ಅಚ್ಚಾದುದು ಅವನ ಮರಣಾನಂತರ, 1952ರಲ್ಲಿ. ಮಕ್ಕಳ ಕಥೆಗಳಿಂದ ಹೆಸರಾದ ರೋಲ್ಡ್ ಡಾಲ್ 1984ರಲ್ಲಿ ಪ್ರಕಟಿಸಿದ ಬಾಲ್ಯಸ್ಮರಣೆಯಲ್ಲಿ ಮತ್ತೊಂದು ಸಂಗತಿಯಿದೆ. ಸ್ನಾನದ ಹೊತ್ತಿನಲ್ಲಿ ಮಗನ ಮೈಮೇಲಿನ ಬಾಸುಂಡೆಗಳನ್ನು ಕಂಡ ಅವನ ತಾಯಿ ಆ ಕೂಡಲೇ ಮುಖ್ಯೋಪಾಧ್ಯಾಯನ ಬಳಿಗೆ ಹೋಗಿ ಕೇಳಿದಳು. ವರ್ಷದ ಕೊನೆಗೆ ಮಗನನ್ನು ಆ ಶಾಲೆಯಿಂದ ಬಿಡಿಸಿದಳು.

ಆ ದೇಶದಲ್ಲಿ ಬೆತ್ತವನ್ನು ಕೆಳಗಿಡಿಸಿದವರಲ್ಲಿ ಇಂತಹ ತಾಯಂದಿರ ಪಾಲು ದೊಡ್ಡದು. ಸ್ಕಾಟ್ಲೆಂಡಿನ ಇಬ್ಬರು ತಾಯಂದಿರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. ಅವರ ಮಕ್ಕಳಿಗೆ ಪೆಟ್ಟು ಬಿದ್ದೂ ಇರಲಿಲ್ಲ. ಒಬ್ಬ ಹುಡುಗನು ತಂದೆಯ ಮಾತಿನಂತೆ ಕೈಯೊಡ್ಡಲು ಒಪ್ಪದೆ ಶಾಲೆಯಿಂದ ಹೊರಗುಳಿದಿದ್ದನು. ದಂಡನೆಯನ್ನು ಒಪ್ಪದ ತಂದೆತಾಯಿಗಳ ನಂಬಿಕೆಯನ್ನು ಸರ್ಕಾರ ಮನ್ನಿಸಬೇಕೆಂದು 1982ರಲ್ಲಿ ತೀರ್ಪಾಯಿತು. 1986ರಲ್ಲಿ ಕಾಮನ್ಸ್ ಸಭೆಯಲ್ಲಿ ದಂಡನೆಯ ರದ್ದತಿ ಗೆದ್ದುದು 231ಕ್ಕೆ 230, ಒಂದೇ ಮತದಿಂದ. ಸರ್ಕಾರಿ ಶಾಲೆಗಳಲ್ಲಿ ಅದು ಜಾರಿಗೆ ಬಂದ ದಿನ 1987ರ ಆಗಸ್ಟ್ 15. ಖಾಸಗಿ ಶಾಲೆಗಳ ಸರದಿ ಇನ್ನೂ ತಡವಾಗಿ ಬಂದಿತು.

ನಮ್ಮಲ್ಲಿ ಆಂಧ್ರಪ್ರದೇಶ ಸರ್ಕಾರವು 2002ರಲ್ಲಿ ನಿಯಮವನ್ನು ತಿದ್ದಿ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ದೇಶಕ್ಕೆಲ್ಲ ನಿಷೇಧಿಸಿದೆ. ಆದರೂ ಮಗುವನ್ನು ಸೇರಿಸಲು ಬಂದ ತಂದೆ, “ಕಣ್ಣೆರಡು ಬಿಟ್ಟು ಚರ್ಮ ಸುಲಿದರೂ ಸರಿ, ಮೇಷ್ಟ್ರೇ” ಎಂದು ವಿಶ್ವಾಸದಿಂದ ಹೇಳುವುದು ಇನ್ನೂ ನಿಂತಿಲ್ಲ. ಹೇಳುವವರ ಮನಸ್ಸಿನಲ್ಲಿ ಕ್ರೌರ್ಯವಿಲ್ಲವೆಂದು ನಾವು ಬಲ್ಲೆವು. ಪಕ್ಕದಲ್ಲಿ ನಿಂತ ಮಗು ಆ ಮಾತನ್ನು ಕೇಳುತ್ತಿರುತ್ತದೆ. ತಂದೆಯೇ ಅನುಮತಿಯಿತ್ತರೂ ಉಪಾಧ್ಯಾಯರು ಹೊಡೆಯುವಂತಿಲ್ಲ. ಮಗುವಿನ ಮೈಮೇಲೆ ಏಟಿನ ಗುರುತು ಕಂಡರೆ ಮೊದಲು ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಲು ಅದೇ ಕಾಯಿದೆಯಲ್ಲಿ ಅವಕಾಶವಿದೆ. ಅದರ ಮೇಲೆ ರಾಜ್ಯದ ಮಕ್ಕಳ ಹಕ್ಕುಗಳ ಆಯೋಗವುಂಟು.