ಹಳೆಯ ಗಣಕವನ್ನು ಗುಜರಿಗೆ ಹಾಕುವ ಮುನ್ನ

ಮುರ್ಮುಗಾಂವ್ ಬಂದರಿನಲ್ಲಿ ದುಡಿದು ನಿವೃತ್ತರಾದ, ವಿಜಯಪುರ ಕಡೆಯ ಹಿರಿಯರೊಬ್ಬರು ಕಳೆದ ವರ್ಷ ನನ್ನ ಕಚೇರಿಗೆ ಬಂದಿದ್ದರು. ಮಗಳ ಕಾಲೇಜು ಪ್ರವೇಶಕ್ಕಾಗಿ ಹದಿನೈದು ವರ್ಷಗಳ ವಾಸ್ತವ್ಯ ಪ್ರಮಾಣಪತ್ರ ಬೇಕಾಗಿತ್ತು. ಆಧಾರವೆಂದು ತಂದಿದ್ದುದು ಕನ್ನಡ ಸಂಘವೊಂದರ 2006ರ ಸದಸ್ಯರ ಪಟ್ಟಿಯ ಕಡತ. ನನ್ನ ಗಣಕದಲ್ಲಿ ತೆರೆದರೆ ಬರಿಯ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. “ವಕೀಲ್ರ, ಇದು ಯಾವ ಭಾಷಾರಿ?” ಎಂದು ಅವರು ಕಂಗಾಲಾದರು.

ಅದು ಕನ್ನಡವೇ ಆಗಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಹಾಗೂ 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ರೂಪ ತೊಡಿಸುತ್ತಿದ್ದವು. ನುಡಿಯ ಕಡತದಲ್ಲಿ ‘ನ’ಕಾರದ ಜಾಗದಲ್ಲಿರುವುದು ಬ್ರಿಟಿಷ್ ಪೌಂಡಿನ ಚಿಹ್ನೆ! ಆ ಫಾಂಟ್ ಇಲ್ಲದ ಯಂತ್ರಕ್ಕೆ ಅದು ಪೌಂಡ್ ಆಗಿಯೇ ಕಾಣುತ್ತದೆ. ಯೂನಿಕೋಡ್‌ನಲ್ಲಾದರೋ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಕೇತವಿದೆ.

ಸಂಘದ ಅಟ್ಟದ ಮೇಲೆ ವಿಂಡೋಸ್ ಎಕ್ಸ್‌ಪಿಯ ಗಣಕವೊಂದು ಉಳಿದಿತ್ತು. ದೂಳು ಒರೆಸಿ ಚಾಲೂ ಮಾಡಿದೆವು. ಒಳಗಿನ ಚಿಕ್ಕ ಬ್ಯಾಟರಿ ಸತ್ತು ಗಡಿಯಾರ 2002ಕ್ಕೆ ಹಿಂದೋಡಿತ್ತು. ಆದರೆ ನುಡಿ ತೆರೆಯಿತು. ಪಟ್ಟಿಯಲ್ಲಿ ಹಿರಿಯರ ಹೆಸರೂ ವಿಳಾಸವೂ ಸ್ಪಷ್ಟವಾಗಿ ಮೂಡಿದವು. ಪಡಿತರ ಚೀಟಿ, ಶಾಲಾ ದಾಖಲೆಗಳ ಜೊತೆಗೆ ಅದರ ಮುದ್ರಿತ ಪ್ರತಿಯನ್ನೂ ಸಲ್ಲಿಸಿದೆವು. ಪ್ರಮಾಣಪತ್ರ ದೊರೆಯಿತು.

ವಲಸೆ ಬಂದ ನಮಗೆ ಇಲ್ಲಿ ಬಾಳಿದ್ದಕ್ಕೆ ಕಾಗದವೇ ಸಾಕ್ಷಿ. ಆದ್ದರಿಂದ ಪಾಲಕರಲ್ಲಿ, ಸಂಘಗಳ ಪದಾಧಿಕಾರಿಗಳಲ್ಲಿ ಕೆಲವು ವಿನಂತಿಗಳು. ಹಳೆಯ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಬೇಡಿ. ಎಕ್ಸ್‌ಪಿಗೆ ಸುರಕ್ಷತಾ ಬೆಂಬಲ 2014ರಲ್ಲೇ ನಿಂತಿದೆ. ಮೂಲ ಕಡತವನ್ನು ತಿದ್ದಿ ಉಳಿಸಿದರೆ ಅದರ ದಿನಾಂಕವೇ ಬದಲಾಗುತ್ತದೆ. ಮೊದಲು ಪ್ರತಿ ತೆಗೆಯಿರಿ, ಯೂನಿಕೋಡ್ ಪರಿವರ್ತನೆಯನ್ನು ಆ ಪ್ರತಿಯಲ್ಲಿಯೇ ಮಾಡಿ. ಪರಿವರ್ತನೆಯಲ್ಲಿ ಒತ್ತಕ್ಷರಗಳು ತಪ್ಪಬಹುದು. ಹೆಸರುಗಳನ್ನು ಮೂಲದೊಡನೆ ತಾಳೆ ನೋಡಿ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ, ಮುದ್ರಿತ ಪ್ರತಿ ಯಾವ ಯಂತ್ರದಿಂದ ಬಂದಿತೆಂಬ ಪ್ರಮಾಣಪತ್ರವನ್ನು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮು ಕೇಳುತ್ತದೆ. ಯಂತ್ರವನ್ನೇ ಗುಜರಿಗೆ ಹಾಕಿದ ಮೇಲೆ ಅದನ್ನು ಒದಗಿಸುವುದು ಕಷ್ಟ.

ಈ ರಜೆಯಲ್ಲಿ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಅಟ್ಟದ ಗಣಕವನ್ನೊಮ್ಮೆ ತೆರೆಯಿರಿ. ಓದುವ ಕೆಲಸ ಅವರದು, ಹೆಸರುಗಳ ಹಿಂದಿನ ಮನುಷ್ಯರನ್ನು ಪರಿಚಯಿಸುವ ಕೆಲಸ ನಿಮ್ಮದು.