ಬಿ.ಎಡ್ ಮಾಡ್ಲಾ, ಬೇಡ್ವಾ?

ಡಿಗ್ರಿ ಮುಗಿಸಿ ಬಿ.ಎಡ್ ಸೇರೋಣ ಅಂತಿದ್ದೀರಾ? ‘ಇನ್ಮೇಲೆ ಕಂಪ್ಯೂಟರೇ ಪಾಠ ಮಾಡುತ್ತಂತೆ, ನಿಂಗ್ಯಾರು ಕೆಲಸ ಕೊಡ್ತಾರೆ?’ ಅಂತ ಮನೆಯಲ್ಲಿ ಹೆದರಿಸಿದರಾ?

ಗಾಬರಿ ಬೇಡ. ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತಿರುವ ಊರು ನಮ್ಮ ಮೈಸೂರು. ಟೀಚರ್ ಕೆಲಸ ಹೋಗಿಲ್ಲ, ಅದರ ರೀತಿ ಬದಲಾಗಿದೆ ಅಷ್ಟೇ. ಸಿಬಿಎಸ್‌ಇ 2019-20ರಲ್ಲೇ 9ನೇ ತರಗತಿಗೆ ಎಐ ಅನ್ನು ಐಚ್ಛಿಕ ವಿಷಯವಾಗಿ ತಂದಿತು. ಅದನ್ನು ಕಲಿಸೋಕೂ ಟೀಚರೇ ಬೇಕಲ್ವಾ!

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪಾಠಯೋಜನೆ, ಪ್ರಶ್ನೆಪತ್ರಿಕೆಯ ಕರಡು ನಿಮಿಷದಲ್ಲಿ ಸಿದ್ಧ. ಆದರೆ ಮಕ್ಕಳ ಹೋಂವರ್ಕೂ ಹಾಗೇ ಸಿದ್ಧ! ನೋಟ್‌ಬುಕ್ ಅಚ್ಚುಕಟ್ಟಾಗಿದ್ದರೆ ಮಗು ಕಲಿತಿದೆ ಅಂತ ಈಗ ನಂಬುವ ಹಾಗಿಲ್ಲ. ಬೋರ್ಡ್ ಹತ್ತಿರ ಕರೆದು 3 ಮತ್ತು 4ರ ಮೊತ್ತದ ವರ್ಗ ಎಷ್ಟು ಅಂತ ಕೇಳಿ. 49ರ ಬದಲು 25 ಅಂದರೆ, ಬಿಡಿಬಿಡಿಯಾಗಿ ವರ್ಗ ಮಾಡಿ ಕೂಡಿಸಿದೆ ಅಂತ ತಿಳಿಯುತ್ತೆ. ‘ಅರ್ಥ ಆಯ್ತು ಮಿಸ್’ ಅಂತ ತಲೆಯಾಡಿಸುವ ಮಗುವಿನ ಮುಖ ಓದೋದು ನಿಮ್ಮ ಕೆಲಸ.

ಈ ಅಭ್ಯಾಸ ಇರಲಿ:

* ಎಐ ಕೊಟ್ಟ ಉತ್ತರವನ್ನು ಪಠ್ಯಪುಸ್ತಕದ ಜತೆ ತಾಳೆ ನೋಡಿ. ಅದು ತಪ್ಪನ್ನೂ ಧೈರ್ಯವಾಗಿ ಹೇಳುತ್ತೆ. ಕನ್ನಡ ಮಾಧ್ಯಮದವರು ಪಾರಿಭಾಷಿಕ ಪದಗಳನ್ನೂ ಗಮನಿಸಿ.

* ಪ್ರಾಜೆಕ್ಟ್ ತಂದವರಿಗೆ ಬಾಯಲ್ಲೇ ಎರಡು ಪ್ರಶ್ನೆ ಕೇಳಿ.

* ಮಕ್ಕಳ ಹೆಸರು, ಅಂಕಗಳನ್ನು ಆಪ್‌ಗೆ ಹಾಕಬೇಡಿ.

ಉಳಿದ ಸಮಯವನ್ನು ಕೊನೇ ಬೆಂಚಿಗೆ ಕೊಡಿ. ಅಲ್ಲಿ ನಿಮಗಾಗಿ ಕಾಯುವವರಿದ್ದಾರೆ. ಧೈರ್ಯವಾಗಿ ಅರ್ಜಿ ಹಾಕಿ!