ಹೇಮಕೂಟದ ಮೇಲೊಂದು ಸಂಜೆ

ಹಂಪಿಗೆ ಹೋಗುವವರ ಜೇಬು ಹಗುರವಾಗಿದ್ದರೆ ಚಿಂತೆ ಬೇಡ. ಹೊಸಪೇಟೆಯಿಂದ ಹದಿಮೂರು ಕಿಲೋಮೀಟರ್ ದೂರಕ್ಕೆ ಸರ್ಕಾರಿ ಬಸ್ಸಿದೆ. ವಿಜಯ ವಿಠ್ಠಲ ದೇವಾಲಯಕ್ಕೂ ಕಮಲ ಮಹಲಿಗೂ ಟಿಕೆಟ್ ಕೊಳ್ಳಬೇಕು. ಹೇಮಕೂಟ ಗುಡ್ಡಕ್ಕೆ ಮಾತ್ರ ಯಾವ ಟಿಕೆಟ್ಟೂ ಇಲ್ಲ. ನನ್ನನ್ನು ಕೇಳಿದರೆ, ಹಂಪಿಯ ಅತ್ಯಂತ ಚೆಂದದ ಸಂಜೆ ಸಿಗುವುದು ಅಲ್ಲೇ.

ಬಜಾರಿನವರೆಗೂ ಹೋಗದೆ ಕೃಷ್ಣ ದೇವಾಲಯದ ಹತ್ತಿರವೇ ಇಳಿದುಬಿಡಿ. ದಕ್ಷಿಣದ ಇಳಿಜಾರಿನಲ್ಲಿ ಮೊದಲು ಸಿಗುವುದು ಸಾಸಿವೆಕಾಳು ಗಣಪ. ಚಂದ್ರಗಿರಿಯ ವ್ಯಾಪಾರಿಯೊಬ್ಬ 1506ರಲ್ಲಿ ಇದರ ಮಂಟಪ ಕಟ್ಟಿಸಿದ. ಎದುರಿನಿಂದ ಕೈಮುಗಿದು ಹೊರಟುಬಿಡುವವರೇ ಹೆಚ್ಚು. ಒಂದು ಸುತ್ತು ಹಾಕಿ, ಹಿಂದೆ ಹೋಗಿ ನೋಡಿ. ಅಲ್ಲಿ ಹೆಣ್ಣಿನ ಬೆನ್ನೊಂದು ಕಾಣುತ್ತದೆ. ಗಣಪ ಕೂತಿರುವುದು ತಾಯಿ ಪಾರ್ವತಿಯ ತೊಡೆಯ ಮೇಲೆ. ಎಂಟಡಿ ಎತ್ತರದ ಏಕಶಿಲೆಯನ್ನು ಕಡೆಯುವಾಗ ಶಿಲ್ಪಿಗೆ ಅಮ್ಮನನ್ನು ಬಿಡಲಾಗಲಿಲ್ಲ!

ಅಲ್ಲಿಂದ ಮೇಲಕ್ಕೆ ದಾರಿಯೆಂದರೆ ಬರಿಯ ಹಾಸುಬಂಡೆ. ಹಗಲೆಲ್ಲ ಕಾದ ಕಲ್ಲು ಸಂಜೆಗೂ ಅಂಗಾಲಿಗೆ ಬೆಚ್ಚಗೆ ತಾಗುತ್ತದೆ. ಶಿವ ತಪಸ್ಸಿಗೆ ಕೂತದ್ದು, ಕಾಮ ಸುಟ್ಟು ಬೂದಿಯಾದದ್ದು, ಪಂಪೆ ಶಿವನನ್ನು ಒಲಿಸಿಕೊಂಡದ್ದು ಎಲ್ಲವೂ ಇಲ್ಲೇ ಎನ್ನುತ್ತದೆ ಸ್ಥಳಪುರಾಣ. ಮದುವೆಗೆ ಒಪ್ಪಿಗೆಯಾದಾಗ ಚಿನ್ನದ ಮಳೆ ಸುರಿಯಿತಂತೆ, ಅದಕ್ಕೇ ಹೇಮಕೂಟ. ಇಳಿಬಿಸಿಲು ಬಂಡೆಯ ಮೇಲೆ ಹರಡುವ ಹೊತ್ತಿಗೆ ಆ ಕಥೆ ನಂಬಲು ಏನೂ ಕಷ್ಟವಾಗುವುದಿಲ್ಲ.

ನೆತ್ತಿಯಲ್ಲಿ ಎಲ್ಲರೂ ಪಡುವಣಕ್ಕೆ ಮುಖಮಾಡಿ ಕೂತಿರುತ್ತಾರೆ. ಸೂರ್ಯನನ್ನು ನೋಡಿ, ಬೇಡವೆನ್ನುವುದಿಲ್ಲ. ಆದರೆ ಸ್ವಲ್ಪ ತಿರುಗಿ. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳ ಪುಟ್ಟ ಗುಡಿಗಳು ಅಲ್ಲಲ್ಲಿ ನಿಂತಿವೆ. ಆಕಾರ ನೋಡಿ ಇವನ್ನು ಜೈನ ಬಸದಿಗಳೆಂದು ಹೇಳುವವರು ಈಗಲೂ ಇದ್ದಾರೆ. ಇವು ಶಿವಾಲಯಗಳು, ಹಲವು ವಿಜಯನಗರಕ್ಕಿಂತ ಹಳೆಯವು. ಒಂದೇ ಮಂಟಪಕ್ಕೆ ಮೂರು ದಿಕ್ಕಿನಲ್ಲಿ ಮೂರು ಗರ್ಭಗುಡಿ, ಅದೇ ತ್ರಿಕೂಟ. ಅಂಥದ್ದೊಂದನ್ನು ಕಟ್ಟಿಸಿದವನು ಕಂಪಿಲದೇವ, ನಮ್ಮ ಜನಪದರು ಹಾಡಿ ಹೊಗಳುವ ಕುಮಾರರಾಮನ ತಂದೆ. ಕಂಪಿಲ ತನ್ನ ತಂದೆ ಮುಮ್ಮಡಿ ಸಿಂಗೆಯ ನಾಯಕ ಮತ್ತು ತಾಯಿಯ ನೆನಪಿಗೆ ಲಿಂಗಗಳನ್ನು ಪ್ರತಿಷ್ಠಾಪಿಸಿದನೆಂದು ಅಲ್ಲಿನ ಶಾಸನ ಹೇಳುತ್ತದೆ. 1327ರಲ್ಲಿ ದೆಹಲಿಯ ತುಘಲಕನ ಸೈನ್ಯದೆದುರು ಹೋರಾಡುತ್ತಲೇ ಕಂಪಿಲ ಮಡಿದ, ಅವನ ರಾಜ್ಯವೂ ಹೋಯಿತು. ಅಪ್ಪ ಅಮ್ಮನಿಗೆಂದು ಕಟ್ಟಿದ ಗುಡಿ ನಿಂತಿದೆ.

ಹಂಪಿಯೆಂದರೆ ನಮಗೆ ಕೃಷ್ಣದೇವರಾಯ, ಕಲ್ಲಿನ ರಥ, ಮುತ್ತು ರತ್ನ. ಆ ವೈಭವಕ್ಕೂ ಮೊದಲು ಇಲ್ಲೊಬ್ಬ ಮಗನಿದ್ದ ಎಂಬುದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ಗುಡಿಯ ಜಗಲಿಯ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತು ಬನ್ನಿ.

ಬ್ಯಾಟರಿ ಜೊತೆಗಿರಲಿ, ಬಂಡೆಯ ಮೇಲೆ ಕತ್ತಲು ಬೇಗ ಕವಿಯುತ್ತದೆ. ವಾಪಸು ಹೊರಡುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಉತ್ತರಕ್ಕೆ, ಕೆಳಗೆ, ವಿರೂಪಾಕ್ಷನ ಒಂಬತ್ತು ನೆಲೆಯ ಗೋಪುರ ಕಾಣುತ್ತಿರುತ್ತದೆ. ಅದನ್ನೇ ಗುರುತಿಟ್ಟುಕೊಂಡು ಇಳಿದರೆ ದಾರಿ ತಪ್ಪುವುದಿಲ್ಲ. ಹೊಸಪೇಟೆಗೆ ಮರಳಿದ ಮೇಲೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ.